ಕರುವಿಗೆ ಗಿಡಮೂಲಿಕೆ: ನಂಬಿಕೆ ಎಷ್ಟು, ಪುರಾವೆ ಎಷ್ಟು?

ನೀವು ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ತೀರ್ಪುಗಾರರಾಗಿ ಹೋಗಿದ್ದೀರಿ ಎಂದುಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ಕೊಟ್ಟಿಗೆಯಲ್ಲಿ ನಡೆಸಿದ ಪ್ರಯೋಗವನ್ನು ಬಣ್ಣದ ಹಾಳೆಯ ಮೇಲೆ ಅಂದವಾಗಿ ಬರೆದು ನಿಂತಿದ್ದಾಳೆ. ಒಂದೇ ವಾರದಲ್ಲಿ ಹುಟ್ಟಿದ ಎರಡು ಮಿಶ್ರತಳಿ ಕರುಗಳು. ಒಂದಕ್ಕೆ ದಿನಕ್ಕೆ 10 ಗ್ರಾಂ ಗಿಡಮೂಲಿಕೆ ಪುಡಿ. ಅದರಲ್ಲಿ ನೆಲನೆಲ್ಲಿ, ನೆಲಬೇವು, ಮೆಂತ್ಯ, ಅರಿಸಿನ ಮತ್ತು ಬೆಳ್ಳುಳ್ಳಿ. ಇನ್ನೊಂದಕ್ಕೆ ಪುಡಿ ಇಲ್ಲ. 60 ದಿನಗಳಲ್ಲಿ ಪುಡಿ ತಿಂದ ಕರುವಿನ ತೂಕ 27 ಕಿಲೋಗ್ರಾಂ ಹೆಚ್ಚಿದೆ. ತಿನ್ನದ ಕರುವಿನದು 24.6 ಕಿಲೋಗ್ರಾಂ. ಹಾಳೆಯ ಕೊನೆಯಲ್ಲಿ ಮೂರು ತೀರ್ಮಾನಗಳಿವೆ. ಒಂದು, ಗಿಡಮೂಲಿಕೆಯಿಂದ ಕರು ಬೇಗ ಬೆಳೆಯುತ್ತದೆ. ಎರಡು, ರಾಸಾಯನಿಕ ಔಷಧಿ ಬೇಕಾಗಿಲ್ಲ. ಮೂರು, ಇದು ನೈಸರ್ಗಿಕವಾದ್ದರಿಂದ ಅಡ್ಡಪರಿಣಾಮಗಳಿಲ್ಲ.

ಬಹುಮಾನ ಕೊಡುತ್ತೀರಾ?

ಹುಡುಗಿಯ ಶ್ರಮ ಮೆಚ್ಚತಕ್ಕದ್ದು. ಆದರೆ ಆಕೆಯ ಮೂರು ತೀರ್ಮಾನಗಳು ಆಕೆಯವು ಮಾತ್ರವಲ್ಲ ಎಂಬುದನ್ನು ಗಮನಿಸಿ. ಇವೇ ಮಾತುಗಳು ಮಾರುಕಟ್ಟೆಯ ಪೊಟ್ಟಣಗಳ ಮೇಲಿವೆ, ಪತ್ರಿಕೆಗಳ ಕೃಷಿ ಪುಟಗಳಲ್ಲಿ ಬರುತ್ತವೆ, ಕೆಲವು ಸಂಶೋಧನ ಲೇಖನಗಳ ಕೊನೆಯ ಪ್ಯಾರಾದಲ್ಲೂ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಈ ಮೂರನ್ನೂ ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಗಿಡಮೂಲಿಕೆಯನ್ನು ತಳ್ಳಿಹಾಕುವುದು ಇಲ್ಲಿನ ಉದ್ದೇಶವಲ್ಲ. ಒಂದು ಹೇಳಿಕೆಯನ್ನು ಒಪ್ಪಬೇಕಾದರೆ ನಾವು ಏನೇನು ಕೇಳಬೇಕು ಎಂಬುದನ್ನು ತಿಳಿಯುವುದೇ ಉದ್ದೇಶ.

ಬೇಡಿಕೆ ಎಲ್ಲಿಂದ ಬಂತು?

ಗಿಡಮೂಲಿಕೆಗಳತ್ತ ವಿಜ್ಞಾನಿಗಳ ಗಮನ ಹರಿದದ್ದಕ್ಕೆ ಬಲವಾದ ಕಾರಣವಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬ ವಿಜ್ಞಾನಿಗಳು ಕೋಳಿಮರಿಗಳಿಗೆ ವಿಟಮಿನ್ ಬಿ12ರ ಮೂಲವನ್ನು ಹುಡುಕುತ್ತಿದ್ದರು. ಔರಿಯೊಮೈಸಿನ್ ತಯಾರಿಕೆಯಲ್ಲಿ ಬಳಸಿದ ಸೂಕ್ಷ್ಮಜೀವಿ ಸಾಕಣೆಯನ್ನು ಮೇವಿಗೆ ಸೇರಿಸಿದಾಗ ಮರಿಗಳು ವಿಟಮಿನ್ ಒಂದರಿಂದಲೇ ಆಗಬಹುದಾದುದಕ್ಕಿಂತ ಹೆಚ್ಚು ಬೆಳೆದವು. ಅದರಲ್ಲಿ ಉಳಿದಿದ್ದ ಪ್ರತಿಜೈವಿಕವೇ (ಆಂಟಿಬಯಾಟಿಕ್) ಇದಕ್ಕೆ ಕಾರಣವೆಂದು ತಿಳಿಯಿತು. ಅಲ್ಲಿಂದಾಚೆಗೆ ಕೋಳಿ, ಹಂದಿ, ಕರುಗಳ ಮೇವಿನಲ್ಲಿ ಅಲ್ಪ ಪ್ರಮಾಣದ ಪ್ರತಿಜೈವಿಕ ಸೇರಿಸುವುದು ಜಗತ್ತಿನ ಹಲವೆಡೆ ರೂಢಿಯಾಯಿತು.

ಇದರ ಬೆಲೆ ನಿಧಾನವಾಗಿ ಗೊತ್ತಾಯಿತು. ಅಲ್ಪ ಪ್ರಮಾಣದ ಪ್ರತಿಜೈವಿಕಕ್ಕೆ ದಿನವೂ ಒಡ್ಡಿಕೊಂಡ ಬ್ಯಾಕ್ಟೀರಿಯಗಳಲ್ಲಿ ಅದನ್ನು ತಡೆದುಕೊಳ್ಳಬಲ್ಲವು ಉಳಿದು ಹೆಚ್ಚುತ್ತವೆ. ಅವು ಮನುಷ್ಯರಿಗೂ ದಾಟಬಲ್ಲವು. ಸ್ವೀಡನ್ 1986ರಲ್ಲಿ ಬೆಳವಣಿಗೆಗಾಗಿ ಪ್ರತಿಜೈವಿಕ ಬಳಸುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಸಂಪೂರ್ಣ ನಿಷೇಧ 2006ರ ಜನವರಿಯಿಂದ ಜಾರಿಗೆ ಬಂತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಹೀಗೆ ಖಾಲಿಯಾದ ಜಾಗಕ್ಕೆ ಬದಲಿ ಬೇಕಾಯಿತು. ಬೆಳ್ಳುಳ್ಳಿಯ ಅಲಿಸಿನ್, ಓಮದ ಥೈಮಾಲ್, ಅರಿಸಿನದ ಕರ್ಕ್ಯುಮಿನ್ ಮುಂತಾದ ಸಸ್ಯಜನ್ಯ ರಾಸಾಯನಿಕಗಳನ್ನು ಜನ ಪರೀಕ್ಷಿಸತೊಡಗಿದ್ದು ಈ ಹಿನ್ನೆಲೆಯಲ್ಲಿ. ಹೌದು, ಅವೂ ರಾಸಾಯನಿಕಗಳೇ. "ರಾಸಾಯನಿಕವಿಲ್ಲದ ಗಿಡಮೂಲಿಕೆ" ಎಂಬ ಮಾತಿಗೆ ಅರ್ಥವಿಲ್ಲ. ಗಿಡಮೂಲಿಕೆ ಕೆಲಸ ಮಾಡುವುದಾದರೆ ಅದು ತನ್ನೊಳಗಿನ ರಾಸಾಯನಿಕದಿಂದಲೇ ಮಾಡಬೇಕು.

ಕರು ಎಂದರೆ ಪುಟ್ಟ ಹಸುವಲ್ಲ

ಈಗ ಕರುವಿನ ಹೊಟ್ಟೆಯನ್ನು ನೋಡೋಣ. ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆಯೆಂದು ನಾವೆಲ್ಲ ಪಾಠ ಮಾಡುತ್ತೇವೆ. ಬೆಳೆದ ಹಸುವಿನಲ್ಲಿ ಮೊದಲ ಕೋಣೆಯಾದ ರೂಮೆನ್ ಒಂದೇ ಒಟ್ಟು ಗಾತ್ರದ ಸುಮಾರು 80 ಶೇಕಡದಷ್ಟಿರುತ್ತದೆ. ಹುಲ್ಲಿನ ನಾರನ್ನು ಅಲ್ಲಿರುವ ಸೂಕ್ಷ್ಮಜೀವಿಗಳು ಒಡೆಯುತ್ತವೆ. ಆಗ ತಾನೆ ಹುಟ್ಟಿದ ಕರುವಿನಲ್ಲಿ ಇದು ತಲೆಕೆಳಗು: ನಾಲ್ಕನೆಯ ಕೋಣೆಯಾದ ಅಬೊಮಾಸಮ್ ದೊಡ್ಡದು, ರೂಮೆನ್ ಸಣ್ಣದು, ಕೆಲಸಕ್ಕೆ ಬಾರದ್ದು. ಕರು ಮೊಲೆ ಚೀಪುವಾಗ ಅನ್ನನಾಳದ ತುದಿಯಲ್ಲಿರುವ ಒಂದು ತೋಡು ತಾನಾಗಿ ಮುಚ್ಚಿ ಕೊಳವೆಯಂತಾಗುತ್ತದೆ. ಹಾಲು ರೂಮೆನ್ನನ್ನು ತಪ್ಪಿಸಿ ನೇರವಾಗಿ ನಾಲ್ಕನೆಯ ಕೋಣೆಗೆ ಹೋಗುತ್ತದೆ.

ಇದರಿಂದ ನಮ್ಮ ವಿಷಯಕ್ಕೆ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಮೊದಲನೆಯದು, ಪುಡಿಯನ್ನು ಹೇಗೆ ಕೊಟ್ಟರು? ಹಾಲಿಗೆ ಬೆರೆಸಿ ಚೀಪಿಸಿದರೆ ಅದು ಒಂದು ಕಡೆಗೆ ಹೋಗುತ್ತದೆ. ಕಷಾಯ ಮಾಡಿ ಗೊಟ್ಟದಲ್ಲಿ ಸುರಿದರೆ ಆ ತೋಡು ಸರಿಯಾಗಿ ಮುಚ್ಚದೆ ರೂಮೆನ್ನಿಗೆ ಬೀಳಬಹುದು. ಅವಸರ ಮಾಡಿದರೆ ಶ್ವಾಸಕೋಶಕ್ಕೂ ಹೋಗಿ ನ್ಯುಮೋನಿಯ ತರಬಹುದು. ಒಂದೇ ಪುಡಿ, ಎರಡು ದಾರಿ, ಎರಡು ಪರಿಣಾಮ. ಎಷ್ಟೋ ವರದಿಗಳಲ್ಲಿ "ಬಾಯಿಯ ಮೂಲಕ ಕೊಡಲಾಯಿತು" ಎಂಬಷ್ಟೇ ಇರುತ್ತದೆ.

ಎರಡನೆಯದು, ಯಾವ ವಯಸ್ಸಿನಲ್ಲಿ ಕೊಟ್ಟರು? ಕರು ಸ್ವಲ್ಪ ಸ್ವಲ್ಪವಾಗಿ ಹಿಂಡಿ, ಹುಲ್ಲು ತಿನ್ನತೊಡಗಿದಂತೆ ರೂಮೆನ್ನಿನಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ಅವು ಆಹಾರವನ್ನು ಹುಳಿಯಿಸಿದಾಗ ಬರುವ ಬ್ಯೂಟಿರಿಕ್ ಮುಂತಾದ ಆಮ್ಲಗಳಿಂದಲೇ ರೂಮೆನ್ನಿನ ಒಳಗೋಡೆ ಬೆಳೆಯುತ್ತದೆ. ಥೈಮಾಲ್ ಭೇದಿ ತರುವ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ ಎಂದು ಸಂತೋಷಪಡುವ ಮುನ್ನ ಕೇಳಬೇಕು: ಆಗ ತಾನೆ ನೆಲೆಯೂರುತ್ತಿರುವ ಉಪಕಾರಿ ಜೀವಿಗಳನ್ನು ಅದು ಬಿಡುತ್ತದೆಯೇ? ಪ್ರತಿಜೈವಿಕಕ್ಕೆ ಕೇಳುವ ಪ್ರಶ್ನೆಯನ್ನು ಗಿಡಮೂಲಿಕೆಗೂ ಕೇಳುವುದೇ ನ್ಯಾಯ.

ತಟ್ಟೆಯಿಂದ ಹೊಟ್ಟೆಗೆ

ಗಿಡಮೂಲಿಕೆಯ ಪರವಾದ ಪುರಾವೆಯಲ್ಲಿ ದೊಡ್ಡ ಪಾಲು ಪ್ರಯೋಗಾಲಯದ ಗಾಜಿನ ತಟ್ಟೆಯದು. ತಟ್ಟೆಯಲ್ಲಿ ಬ್ಯಾಕ್ಟೀರಿಯ ಬೆಳೆಸಿ ಸಸ್ಯಸಾರ ಹಾಕಿದರೆ ಸುತ್ತ ಬೋಳು ವರ್ತುಲ ಕಾಣುತ್ತದೆ. ಇದು ನಿಜವಾದ ಫಲಿತಾಂಶ. ಆದರೆ ತಟ್ಟೆ ಹೊಟ್ಟೆಯಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3 ಶೇಕಡ. ಕರುವಿಗೆ 5 ಗ್ರಾಂ ಅರಿಸಿನ ಕೊಟ್ಟರೆ ಕರ್ಕ್ಯುಮಿನ್ 150 ಮಿಲಿಗ್ರಾಂ. ಅದನ್ನು 4 ಲೀಟರ್ ಹಾಲಿನಲ್ಲಿ ಬೆರೆಸಿದರೆ ಪ್ರತಿ ಮಿಲಿಲೀಟರಿಗೆ 37.5 ಮೈಕ್ರೋಗ್ರಾಂ. ತಟ್ಟೆಯಲ್ಲಿ ಬ್ಯಾಕ್ಟೀರಿಯ ತಡೆಯಲು ಪ್ರತಿ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಬೇಕಾಯಿತು ಎಂದಿಟ್ಟುಕೊಳ್ಳಿ. ಹೊಟ್ಟೆಗೆ ಬಿದ್ದದ್ದು ಅದರ ಐದನೆಯ ಒಂದು ಭಾಗಕ್ಕೂ ಕಡಿಮೆ. ಜೀರ್ಣರಸಗಳಲ್ಲಿ ಅದು ಇನ್ನಷ್ಟು ತೆಳುವಾಗುತ್ತದೆ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದಂತೂ ಬಹಳ ಕಡಿಮೆ. ನಮ್ಮ ಹುಡುಗಿಯ 10 ಗ್ರಾಂ ಮಿಶ್ರಣದಲ್ಲಿ ಅರಿಸಿನ ಬಹುಶಃ 2 ಗ್ರಾಂ ಮಾತ್ರ.

ಬೆಳ್ಳುಳ್ಳಿಯದು ಇನ್ನೊಂದು ಕಥೆ. ಇಡಿಯಾದ ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ. ಜಜ್ಜಿದಾಗ ಅಲಿಯಿನ್ ಎಂಬ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಕೂಡಿ ಅದು ಹುಟ್ಟುತ್ತದೆ. 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಇದನ್ನು ಬೇರ್ಪಡಿಸಿದರು. ಜಜ್ಜದೆ ಇಡಿಯಾಗಿ ಬೇಯಿಸಿದರೆ ಕಿಣ್ವ ಕೆಟ್ಟು ಅಲಿಸಿನ್ ಹುಟ್ಟುವುದಿಲ್ಲ. ಹುಟ್ಟಿದ ಅಲಿಸಿನ್ ಕೂಡ ಬಹಳ ಕಾಲ ಉಳಿಯುವಂಥದ್ದಲ್ಲ. ಹೀಗಾಗಿ "ಬೆಳ್ಳುಳ್ಳಿ ಕೊಟ್ಟೆವು" ಎಂದರೆ ಸಾಲದು. ಹಸಿಯೋ ಒಣಗಿಸಿದ್ದೋ, ಜಜ್ಜಿದ್ದೋ ಬೇಯಿಸಿದ್ದೋ, ಯಾವಾಗ ಮಾಡಿದ್ದು ಎಂಬುದೂ ಬೇಕು.

ಹೆಸರಿನ ತೊಡಕೂ ಇದೆ. ನೆಲನೆಲ್ಲಿ ಎಂದು ನಮ್ಮ ಜನ ಕರೆಯುವುದು ಫಿಲಾಂಥಸ್ ಕುಲದ ಒಂದಕ್ಕಿಂತ ಹೆಚ್ಚು ಪ್ರಭೇದಗಳನ್ನು. ಸಸ್ಯವನ್ನು ಶಾಸ್ತ್ರೀಯ ಹೆಸರಿನಿಂದ ಗುರುತಿಸಿ, ಸಾಧ್ಯವಾದರೆ ಒಣಗಿಸಿದ ಮಾದರಿಯೊಂದನ್ನು ಅಂಟಿಸಿ ಇಡದಿದ್ದರೆ ಇನ್ನೊಬ್ಬರು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಲಾಗದು. ಐದು ಗಿಡಗಳನ್ನು ಒಟ್ಟಿಗೆ ಪುಡಿ ಮಾಡಿದಾಗಲಂತೂ ಗುಣ ಕಂಡರೂ ಅದು ಯಾವುದರದು ಎಂದು ಹೇಳುವಂತಿಲ್ಲ.

ಎರಡು ಕರು, ಒಂದು ಇಂಚು

ಇನ್ನು 2.4 ಕಿಲೋಗ್ರಾಂ ವ್ಯತ್ಯಾಸಕ್ಕೆ ಬರೋಣ. ಹಳ್ಳಿಯಲ್ಲಿ ಕರುವನ್ನು ತೂಗುವ ತಕ್ಕಡಿ ಸಿಗುವುದು ಕಷ್ಟ. ಟೇಪಿನಿಂದ ಅಳೆದು ತೂಕ ಅಂದಾಜು ಮಾಡುವ ಸೂತ್ರವನ್ನು ಬಳಸುತ್ತಾರೆ: ಎದೆಯ ಸುತ್ತಳತೆಯ ವರ್ಗವನ್ನು ಮೈಯುದ್ದದಿಂದ ಗುಣಿಸಿ 660ರಿಂದ ಭಾಗಿಸಬೇಕು. ಅಳತೆ ಇಂಚಿನಲ್ಲಿದ್ದರೆ ಉತ್ತರ ಕಿಲೋಗ್ರಾಮಿನಲ್ಲಿ ಬರುತ್ತದೆ. ಸುತ್ತಳತೆ 30 ಇಂಚು, ಉದ್ದ 28 ಇಂಚು ಇರುವ ಕರುವಿನ ತೂಕ 38.2 ಕಿಲೋಗ್ರಾಂ. ಈಗ ಟೇಪು ಸ್ವಲ್ಪ ಸಡಿಲವಾಗಿ ಸುತ್ತಳತೆ 31 ಇಂಚು ಎಂದು ಬಂತೆನ್ನಿ. ತೂಕ 40.8 ಕಿಲೋಗ್ರಾಂ! ಒಂದು ಇಂಚಿನ ತಪ್ಪಿಗೆ 2.6 ಕಿಲೋಗ್ರಾಂ. ಹುಡುಗಿಯ ಗಿಡಮೂಲಿಕೆ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವನ್ನು ಸಡಿಲ ಟೇಪು ಮಾಡಬಲ್ಲದು. ಯಾವ ಕರು ಪುಡಿ ತಿಂದದ್ದೆಂದು ಅಳೆಯುವವರಿಗೆ ಗೊತ್ತಿದ್ದರೆ ಕೈ ತಿಳಿಯದೆಯೇ ಒಂದು ಕಡೆ ಸಡಿಲವಾಗುವುದೂ ಉಂಟು.

ತಕ್ಕಡಿಯಿಂದಲೇ ತೂಗಿದರು ಎನ್ನೋಣ. ಆಗಲೂ ಎರಡು ಕರುಗಳು ಸಾಲವು. ಮನೆಯಲ್ಲಿ ಒಂದೇ ಊಟ ಉಣ್ಣುವ ಇಬ್ಬರು ಮಕ್ಕಳು ಒಂದೇ ಸಮ ಬೆಳೆಯುವರೇ? 60 ದಿನಗಳಲ್ಲಿ 2.4 ಕಿಲೋಗ್ರಾಂ ಎಂದರೆ ದಿನಕ್ಕೆ 40 ಗ್ರಾಂ. ಒಂದೇ ಬಗೆಯಲ್ಲಿ ಸಾಕಿದ ಕರುಗಳ ದಿನದ ಬೆಳವಣಿಗೆಯಲ್ಲಿ ಮಾನಕ ವಿಚಲನೆ 100 ಗ್ರಾಂ ಎಂದಿಟ್ಟುಕೊಳ್ಳಿ. ಗುಂಪಿಗೆ 6 ಕರುಗಳಂತೆ ಹೋಲಿಸಿದರೆ ಎರಡು ಸರಾಸರಿಗಳ ವ್ಯತ್ಯಾಸದ ಮಾನಕ ದೋಷ 100ನ್ನು 2/6ರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 58 ಗ್ರಾಂ. ವ್ಯತ್ಯಾಸ 130 ಗ್ರಾಂ ಹತ್ತಿರ ಇದ್ದರೆ ಮಾತ್ರ "ಇದು ಆಕಸ್ಮಿಕವಲ್ಲ" ಎಂದು ವಾಡಿಕೆಯ 5 ಶೇಕಡ ಮಟ್ಟದಲ್ಲಿ ಹೇಳಬಹುದು. 40 ಗ್ರಾಂ ವ್ಯತ್ಯಾಸ ನಿಜವಾಗಿಯೂ ಇದ್ದು, ಅದನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಬೇಕಾದರೆ ಗುಂಪಿಗೆ ಸುಮಾರು 100 ಕರುಗಳು ಬೇಕು. ಐದಾರು ಕರುಗಳ ಪ್ರಯೋಗವನ್ನು ಓದುವಾಗ ಈ ಲೆಕ್ಕ ನೆನಪಿರಲಿ. ಅದು ಎರಡೂ ಕಡೆಗೆ ಕೊಯ್ಯುತ್ತದೆ: ಸಣ್ಣ ಪ್ರಯೋಗದಲ್ಲಿ ಗುಣ ಕಾಣಲಿಲ್ಲವೆಂದು ಗಿಡಮೂಲಿಕೆ ನಿಷ್ಪ್ರಯೋಜಕ ಎನ್ನುವುದೂ ತಪ್ಪೇ.

ಭೇದಿಯ ವಿಷಯದಲ್ಲಿ ಇನ್ನೊಂದು ಬಲೆಯಿದೆ. ಕರುವಿನ ಎಷ್ಟೋ ಭೇದಿಗಳು, ನೀರು ಮತ್ತು ಲವಣ ಕಳೆದುಹೋಗದಂತೆ ನೋಡಿಕೊಂಡರೆ, ಕೆಲವು ದಿನಗಳಲ್ಲಿ ತಾವೇ ನಿಲ್ಲುತ್ತವೆ. ಭೇದಿ ಜೋರಾದ ದಿನ ನಾವು ಕಷಾಯ ಕುಡಿಸುತ್ತೇವೆ; ಮರುದಿನದಿಂದ ಅದು ಇಳಿಯುತ್ತದೆ; ಕಷಾಯಕ್ಕೆ ಹೆಸರು ಬರುತ್ತದೆ. ಕಷಾಯ ಕುಡಿಯದ ಗುಂಪನ್ನು ಪಕ್ಕದಲ್ಲಿಟ್ಟು ನೋಡದೆ ಇದನ್ನು ಬಿಡಿಸುವಂತಿಲ್ಲ.

"ನೈಸರ್ಗಿಕ" ಎಂಬ ಮಾತು

ಮೂರನೆಯ ತೀರ್ಮಾನ ನೈಸರ್ಗಿಕವಾದದ್ದು ನಿರಪಾಯಕಾರಿ ಎಂಬುದು. ನಮ್ಮ ಬೇಲಿಗಳಲ್ಲಿ ತುಂಬಿರುವ ಲಂಟಾನವೂ ನೈಸರ್ಗಿಕವೇ. ಅದರ ಎಲೆಯಲ್ಲಿರುವ ಲಂಟಾಡೀನ್‌ಗಳು ದನಗಳ ಯಕೃತ್ತನ್ನು ಕೆಡಿಸುತ್ತವೆ. ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ. ನಾವು ದಿನವೂ ತಿನ್ನುವ ಈರುಳ್ಳಿಯನ್ನು ದನಗಳು ಹೆಚ್ಚಾಗಿ ತಿಂದರೆ ಅವುಗಳ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಬೆಳ್ಳುಳ್ಳಿಯೂ ಅದೇ ಕುಲದ್ದು ಎಂಬುದನ್ನು ಮರೆಯಬಾರದು. ಟ್ಯಾನಿನ್ ಹೆಚ್ಚಿರುವ ಸೊಪ್ಪು ಮೇವಿನ ಪ್ರೋಟೀನಿಗೆ ಅಂಟಿಕೊಂಡು ಜೀರ್ಣವಾಗದಂತೆ ಮಾಡಬಲ್ಲದು.

ಸುಬಾಬುಲ್‌ನ ಪ್ರಸಂಗ ಇನ್ನೂ ಬೋಧಪ್ರದವಾದುದು. ಅದರಲ್ಲಿರುವ ಮಿಮೊಸಿನ್‌ನಿಂದ ಆಸ್ಟ್ರೇಲಿಯದ ದನಗಳು ಬಳಲುತ್ತಿದ್ದವು. ಹವಾಯಿಯಲ್ಲಿ ಅದೇ ಸೊಪ್ಪು ತಿನ್ನುವ ಪ್ರಾಣಿಗಳು ಆರೋಗ್ಯವಾಗಿದ್ದವು. ಅಲ್ಲಿನ ಪ್ರಾಣಿಗಳ ರೂಮೆನ್ನಿನಲ್ಲಿ ಮಿಮೊಸಿನ್‌ನಿಂದ ಹುಟ್ಟುವ ವಿಷವನ್ನು ಒಡೆಯುವ ಬ್ಯಾಕ್ಟೀರಿಯವಿದೆಯೆಂದು ವಿಜ್ಞಾನಿ ರೇಮಂಡ್ ಜೋನ್ಸ್ ಊಹಿಸಿದರು. ಅದನ್ನು 1980ರ ದಶಕದಲ್ಲಿ ಆಸ್ಟ್ರೇಲಿಯದ ದನಗಳಿಗೆ ವರ್ಗಾಯಿಸಿದಾಗ ತೊಂದರೆ ನೀಗಿತು. ಆ ಬ್ಯಾಕ್ಟೀರಿಯಕ್ಕೆ ಅವರ ನೆನಪಿಗಾಗಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಡಲಾಗಿದೆ. ಸಸ್ಯವೊಂದು ಮೇವೋ ವಿಷವೋ ಎಂಬುದು ಸಸ್ಯದಲ್ಲಿ ಮಾತ್ರ ಇಲ್ಲ, ತಿನ್ನುವ ಹೊಟ್ಟೆಯಲ್ಲೂ ಇದೆ. ಹಸುವಿಗೆ ಒಗ್ಗಿದ್ದು ರೂಮೆನ್ ಬಲಿಯದ ಕರುವಿಗೂ ಒಗ್ಗೀತೆಂದು ಪ್ರಮಾಣವನ್ನು ಅರ್ಧ ಮಾಡಿ ಕೊಡುವುದು ಸರಿಯಲ್ಲ.

ಹಾಲಿನ ಬದಲಿಗೆ ಪುಡಿಯೇ?

ಇಷ್ಟೆಲ್ಲ ಪರಿಶೀಲನೆ ಏಕೆ, ಕೊಟ್ಟರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟವಿದೆ. ನಮ್ಮಲ್ಲಿ ಕರುವಿನ ಪಾಲಿನ ಹಾಲು ಡೈರಿಯ ಕ್ಯಾನಿಗೆ ಹೋಗುವುದು ಗುಟ್ಟೇನಲ್ಲ. ಗಂಡು ಕರುವಿನ ಪಾಡಂತೂ ಕೇಳುವುದೇ ಬೇಡ. ಮೊದಲ ವಾರಗಳಲ್ಲಿ ಕರುವಿಗೆ ದಿನಕ್ಕೆ ಅದರ ತೂಕದ ಹತ್ತನೆಯ ಒಂದು ಭಾಗದಷ್ಟು ಹಾಲು ಬೇಕು. 30 ಕಿಲೋಗ್ರಾಂ ಕರುವಿಗೆ 3 ಲೀಟರ್. ಅದರಲ್ಲಿ ಅರ್ಧ ಕಡಿತ ಮಾಡಿ "ಶಕ್ತಿವರ್ಧಕ" ಪುಡಿ ಕೊಟ್ಟರೆ ಏನಾಗುತ್ತದೆ? ಒಂದು ಲೀಟರ್ ಹಾಲಿನಲ್ಲಿ ಸುಮಾರು 650 ಕಿಲೋಕ್ಯಾಲರಿ ಇದೆ. 10 ಗ್ರಾಂ ಒಣ ಪುಡಿ ಪೂರ್ತಿ ಜೀರ್ಣವಾದರೂ ಹೆಚ್ಚೆಂದರೆ 40 ಕಿಲೋಕ್ಯಾಲರಿ. ಅಂದರೆ ಅದು ಸುಮಾರು 60 ಮಿಲಿಲೀಟರ್ ಹಾಲಿಗೆ ಸಮ, ಒಂದು ಸಣ್ಣ ಲೋಟದಷ್ಟು.

ಈ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಪುಡಿಯು ಆಹಾರವಾಗಿ ಕರುವನ್ನು ಬೆಳೆಸಲಾರದು. ಬೆಳೆಸುವುದಾದರೆ ರೋಗ ತಗ್ಗಿಸಿ, ಹಸಿವು ಹೆಚ್ಚಿಸಿ ಅಥವಾ ಜೀರ್ಣಕ್ರಿಯೆ ಸುಧಾರಿಸಿ ಬೆಳೆಸಬೇಕು. ಹಾಗಿದ್ದರೆ ಪ್ರಯೋಗದಲ್ಲಿ ಅಳೆಯಬೇಕಾದದ್ದು ತೂಕ ಒಂದನ್ನೇ ಅಲ್ಲ. ಭೇದಿಯಾದ ದಿನಗಳನ್ನು, ತಿಂದ ಹಿಂಡಿಯನ್ನು, ಸಗಣಿಯ ಬ್ಯಾಕ್ಟೀರಿಯಗಳನ್ನು ಕೂಡ.

ಯಾವ ಗಿಡಮೂಲಿಕೆಯೂ ತುಂಬಿಕೊಡಲಾಗದ ಮತ್ತೊಂದು ವಸ್ತು ಗಿಣ್ಣು ಹಾಲು. ಹಸುವಿನ ಗರ್ಭದಲ್ಲಿ ಪ್ರತಿಕಾಯಗಳು ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಅವು ಬರುವುದು ಗಿಣ್ಣಿನಿಂದ ಮಾತ್ರ. ಕರುಳು ಅವನ್ನು ಇಡಿಯಾಗಿ ಹೀರುವ ಶಕ್ತಿ ಹುಟ್ಟಿದ ಗಂಟೆಗಳಲ್ಲೇ ಇಳಿಯುತ್ತ ಬಂದು ಸುಮಾರು 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಕಸ ಬಿದ್ದ ಮೇಲೆಯೇ ಗಿಣ್ಣು ಕುಡಿಸಬೇಕೆಂದು ಕಾಯುವ ಮನೆಗಳಲ್ಲಿ ಕರು ಕಳೆದುಕೊಳ್ಳುವುದು ಈ ಗಂಟೆಗಳನ್ನೇ. ಎಮ್ಮೆಕರುಗಳಿಗೆ ತಾಯಿಯ ಹಾಲಿನ ಮೂಲಕವೇ ಬರುವ ಟಾಕ್ಸೊಕಾರ ಎಂಬ ದುಂಡುಹುಳುವಿಗೆ ಪೈಪರಜಿನ್‌ನಂಥ ಪರೀಕ್ಷಿತ ಜಂತುನಾಶಕವಿದೆ. ಅದನ್ನು ಬಿಟ್ಟು, ಪ್ರಮಾಣವೇ ತಿಳಿಯದ ಕಹಿ ಕಷಾಯವನ್ನು ನಂಬಿ ಕುಳಿತರೆ ಸೋಲುವುದು ಕರು. ಎರಡನೆಯ ತೀರ್ಮಾನವಾದ "ಔಷಧಿ ಬೇಕಾಗಿಲ್ಲ" ಎಂಬುದು ಮೂರರಲ್ಲಿ ಅತ್ಯಂತ ಅಪಾಯಕಾರಿ.

ಹಾಗಾದರೆ ಪುರಾವೆ ಇಲ್ಲವೇ?

ಇದೆ, ಆದರೆ ಅಳತೆಯಲ್ಲಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನುಗಾರಿಕಾ ಸಂಶೋಧನ ಸಂಸ್ಥೆಯಲ್ಲಿ 2010ರ ಆಸುಪಾಸಿನಲ್ಲಿ ಮಿಶ್ರತಳಿ ಕರುಗಳಿಗೆ ಬೆಳ್ಳುಳ್ಳಿ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ತೂಕ ಹೆಚ್ಚಿ, ಸಗಣಿಯ ಕೋಲಿಫಾರ್ಮ್ ಬ್ಯಾಕ್ಟೀರಿಯ ಕಡಿಮೆಯಾದದ್ದು ವರದಿಯಾಗಿದೆ. ಅಲ್ಲಿ ಹೋಲಿಕೆಯ ಗುಂಪಿತ್ತು. ತಿಂದ ಮೇವು, ಸಗಣಿಯ ಹದ, ತಗಲುವ ಖರ್ಚು ಎಲ್ಲವನ್ನೂ ದಾಖಲಿಸಿದ್ದರು. ಒಂದು ಗಿಡ, ಒಂದು ಪ್ರಶ್ನೆ. ಓಮ, ಓರೆಗಾನೊ ಮುಂತಾದವುಗಳ ಸಾರತೈಲಗಳನ್ನು ಕರುಗಳಿಗೆ ಕೊಟ್ಟ ಬೇರೆ ಬೇರೆ ದೇಶಗಳ ಪ್ರಯೋಗಗಳ ಫಲಿತಾಂಶ ಮಿಶ್ರವಾಗಿದೆ: ಕೆಲವೆಡೆ ಲಾಭ, ಕೆಲವೆಡೆ ಏನೂ ಇಲ್ಲ. ಇದು ನಿರಾಶೆಯ ಸಂಗತಿಯಲ್ಲ. ಯಾವ ಗಿಡ, ಎಷ್ಟು, ಯಾವ ವಯಸ್ಸಿಗೆ ಎಂಬ ಪ್ರಶ್ನೆಗಳು ಇನ್ನೂ ತೆರೆದಿವೆ ಎಂದಷ್ಟೇ ಇದರರ್ಥ. ಹಳ್ಳಿಯ ಹಿರಿಯರ ಅನುಭವ ಇಲ್ಲಿ ಬೆಲೆಯುಳ್ಳದ್ದು. ಯಾವ ಗಿಡವನ್ನು ಮೊದಲು ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಅದು ಹೇಳಲಾರದು.

ಈಗ ಮತ್ತೆ ಆ ಹುಡುಗಿಯ ಮುಂದೆ ನಿಲ್ಲಿ. ಬಹುಮಾನ ಕೊಡುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಆದರೆ ಆಕೆಯ ಪ್ರಯೋಗವನ್ನು ಮುಂದಿನ ವರ್ಷಕ್ಕೆ ತಿದ್ದಿಕೊಡಿ. ಐದು ಗಿಡಗಳ ಬದಲು ಒಂದೇ ಗಿಡವಿರಲಿ. ಅದರ ಮಾದರಿಯನ್ನು ಹಾಳೆಗೆ ಅಂಟಿಸಲಿ. ಎರಡು ಕರುಗಳ ಬದಲು ಊರಿನ ಹಾಲು ಉತ್ಪಾದಕರ ಸಂಘದ ಸದಸ್ಯರನ್ನು ಕೇಳಿ ಇಪ್ಪತ್ತು ಮೂವತ್ತು ಕರುಗಳನ್ನು ಸೇರಿಸಿಕೊಳ್ಳಲಿ. ಪಶುವೈದ್ಯರ ಒಪ್ಪಿಗೆಯಿಂದಲೇ ಪುಡಿ ಕೊಡಲಿ. ಯಾವ ಕರುವಿಗೆ ಪುಡಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಿ. ಎರಡೂ ಗುಂಪಿಗೆ ಹಾಲು, ಗಿಣ್ಣು, ಜಂತುನಾಶಕ ಪೂರ್ತಿಯಾಗಿ ಸಿಗಲಿ. ಟೇಪು ಹಿಡಿಯುವ ಗೆಳತಿಗೆ ಯಾವುದು ಯಾವ ಗುಂಪಿನದೆಂದು ತಿಳಿಸದೆ, ಮೂರು ಸಲ ಅಳೆದು ಸರಾಸರಿ ತೆಗೆಯಲಿ. ಭೇದಿಯಾದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ಮೂವತ್ತು ಕರುಗಳಲ್ಲಿ 40 ಗ್ರಾಂ ವ್ಯತ್ಯಾಸ ಹಿಡಿಯಲು ಆಗುವುದಿಲ್ಲವೆಂದು ನಾವು ಆಗಲೇ ಲೆಕ್ಕ ಹಾಕಿದ್ದೇವೆ. ಆದ್ದರಿಂದ ಆಕೆಯ ಹಾಳೆಯ ಕೊನೆಯಲ್ಲಿ "ಗುಣವಿದೆಯೆಂದು ಹೇಳಲು ಈ ಅಂಕಿಗಳು ಸಾಲವು" ಎಂಬ ಸಾಲು ಬರುವ ಸಂಭವವೇ ಹೆಚ್ಚು. ಆ ಸಾಲನ್ನು ಕಂಡು ಅಂಕ ಕಡಿಮೆ ಮಾಡದಿರುವುದು ತೀರ್ಪುಗಾರರಾದ ನಿಮ್ಮ ಹೊಣೆ.